ಗುಂಡನ ದಾರಿ ಗುಂಡನಿಗೇ ಬಿಟ್ಟ ಮೇಲೆ ಹಿತ್ತಲಿನ ಕೆಸರು ಹೋಯಿತು

ನಾವು ಈ ಬಾಡಿಗೆ ಮನೆಗೆ ಬಂದಾಗ ಹಿತ್ತಲಲ್ಲಿ ಅಷ್ಟಿಷ್ಟು ಹುಲ್ಲಿತ್ತು. ನಮ್ಮ ನಾಯಿ ಗುಂಡನನ್ನು ತಂದು ಮೂರು ತಿಂಗಳಾಗುವಷ್ಟರಲ್ಲಿ ಅದೂ ಹೋಯಿತು. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ದೂಳು. ಅವನು ಒಳಗೆ ಬಂದಾಗಲೆಲ್ಲ ನಾಲ್ಕು ಕಾಲು ಒರೆಸಬೇಕು, ಆಮೇಲೆ ಮನೆಯ ನೆಲ ಒರೆಸಬೇಕು. ಸ್ವಂತ ಮನೆಯಲ್ಲ, ಹಾಗಾಗಿ ಜಾಸ್ತಿ ಖರ್ಚು ಮಾಡಲು ಮನಸ್ಸಿಲ್ಲ. ಕಾಂಕ್ರೀಟ್ ಮಾತೇ ಇಲ್ಲ. ಮನೆ ಬಿಡುವಾಗ ಎತ್ತಿ ಒಯ್ಯುವಂತಿರಬೇಕು, ಇಲ್ಲವೇ ಮಣ್ಣಲ್ಲಿ ಮಣ್ಣಾಗಿ ಹೋಗಬೇಕು. ಅಂಥದ್ದನ್ನು ಮಾತ್ರ ಹಾಕೋಣ ಅಂತ ಮೊದಲೇ ತೀರ್ಮಾನ ಮಾಡಿದೆ.

ಮೊದಲು ಮಾಡಿದ ತಪ್ಪು ಜಲ್ಲಿ. ಮನೆ ಕಟ್ಟಲು ಬಳಸುವ ಒಡೆದ ಕಲ್ಲು ಅಗ್ಗಕ್ಕೆ ಸಿಕ್ಕಿತು, ಸುರಿದುಬಿಟ್ಟೆ. ಮೂರನೇ ದಿನ ಗುಂಡ ಕುಂಟುತ್ತಾ ಬಂದ. ಕಾಲು ಎತ್ತಿ ನೋಡಿದರೆ ಎರಡು ಬೆರಳುಗಳ ನಡುವೆ ಕಡಲೆಕಾಳಿನಷ್ಟು ಒಂದು ಚೂರು ಸಿಕ್ಕಿಕೊಂಡಿದೆ, ಪಕ್ಕದ ಚರ್ಮ ಕೆಂಪಗೆ ಊದಿದೆ. ತುಂಬಾ ಸಂಕಟವಾಯಿತು. ಒಡೆದ ಕಲ್ಲಿನ ಅಂಚು ಚೂಪು, ಜೊತೆಗೆ ಮಧ್ಯಾಹ್ನದ ಬಿಸಿಲಿಗೆ ಕಾದರೆ ಅಂಗಾಲು ಸುಡುತ್ತದೆ. ಸುರಿಯೋಕೆ ಒಂದು ಗಂಟೆ ಸಾಕಾಗಿತ್ತು, ತೆಗೆಯೋಕೆ ಎರಡು ದಿನ ಹಿಡಿಯಿತು. ಕೆಸರಿನಲ್ಲಿ ಹೂತುಹೋದ ಚೂರುಗಳನ್ನು ಕೈಯಲ್ಲೇ ಆರಿಸಿದೆ.

ಆಮೇಲೆ ಒಂದು ವಾರ ಏನೂ ಮಾಡದೆ ಸುಮ್ನೆ ಕೂತು ನೋಡಿದೆ. ಗುಂಡ ಹಿತ್ತಲಿನ ನಡುವೆ ಓಡುವುದೇ ಇಲ್ಲ! ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಓಡುತ್ತಾನೆ, ಅದೇ ಮೂಲೆಯಲ್ಲಿ ತಿರುಗುತ್ತಾನೆ, ಅದೇ ಜಾಗದಲ್ಲಿ ನಿಂತು ಆಚೆಯ ಸದ್ದು ಕೇಳುತ್ತಾನೆ. ಕೆಸರಿದ್ದದ್ದು ಆ ದಾರಿಯಲ್ಲಿ. ಇನ್ನೊಂದು ಕೆಸರಿನ ಗುಂಡಿ ತಾರಸಿಯ ನೀರು ಪೈಪಿನಿಂದ ಬೀಳುವ ಕಡೆ. ಉಳಿದ ಜಾಗ ಗಟ್ಟಿಯಾಗೇ ಇತ್ತು. ನಮ್ಮ ಹಿತ್ತಲು 30 ಅಡಿಗೆ 15 ಅಡಿ, ಅಂದರೆ 450 ಚದರ ಅಡಿ. ಗುಂಡನ ದಾರಿ ಮೂರು ಗೋಡೆ ಸೇರಿ 60 ಅಡಿ ಉದ್ದ, 3 ಅಡಿ ಅಗಲ. ಅದು ಬರೀ 180 ಚದರ ಅಡಿ. ಇಡೀ ಹಿತ್ತಲನ್ನು ಮುಚ್ಚುವ ಯೋಚನೆಯನ್ನೇ ಬಿಟ್ಟೆ. ಖರ್ಚು ಅಲ್ಲೇ ಅರ್ಧಕ್ಕಿಂತ ಕೆಳಗಿಳಿಯಿತು.

ಆ ದಾರಿಗೆ ಹಾಕಿದ್ದು ಮರದ ಚಕ್ಕೆ. ಮರ ಕಡಿಯುವವರು ಕೊಂಬೆಗಳನ್ನು ಯಂತ್ರಕ್ಕೆ ಹಾಕಿದಾಗ ಬರುವ ಚೂರು. ಅವರಿಗೆ ಅದನ್ನು ಸಾಗಿಸುವುದೇ ತಲೆನೋವು, ಆದ್ದರಿಂದ ಕೇಳಿದರೆ ಎಷ್ಟೋ ಸಲ ಬಿಟ್ಟಿಯಾಗೇ ಕೊಡುತ್ತಾರೆ. ಆದರೆ ಯಾವ ಮರ ಅಂತ ಕೇಳಲೇಬೇಕು. ಕಣಗಿಲೆ ನಾಯಿಗೆ ವಿಷ. ಮುಳ್ಳಿನ ಮರವೂ ಬೇಡ. ಬಡಗಿ ಅಂಗಡಿಯ ಪ್ಲೈವುಡ್ ಚೂರು, ಬಣ್ಣ ಬಳಿದ ಹಳೆ ಮರ ಇವನ್ನೂ ನಾನು ಮುಟ್ಟಲಿಲ್ಲ. ಗರಗಸದ ಹೊಟ್ಟು ನೀರು ಹೀರಿ ಮುದ್ದೆಯಾಗುತ್ತದೆ, ಕಾಲಿಗೂ ಮೆತ್ತುತ್ತದೆ.

ದಪ್ಪ 4 ಇಂಚು ಇರಬೇಕು. ನಾನು ಮೊದಲು 2 ಇಂಚು ಹಾಕಿದ್ದೆ, ಒಂದೇ ಮಳೆಗೆ ಕೆಸರು ಮೇಲೆ ಬಂತು. 180 ಚದರ ಅಡಿಗೆ 4 ಇಂಚು ಅಂದರೆ 60 ಘನ ಅಡಿ ಚಕ್ಕೆ. ಕೂತುಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ತನ್ನಿ. ನೆಲ ಒಣಗಿದ್ದಾಗ ಸಮ ಮಾಡಿ, ಕಳೆ ಬರದಂತೆ ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿದೆ. ಟೇಪು, ಪಿನ್ನು ಎಲ್ಲ ಕಿತ್ತು, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ, ನೀರು ಚಿಮುಕಿಸಿದೆ. ರಟ್ಟು ಕೆಲವು ತಿಂಗಳಲ್ಲಿ ಕರಗುತ್ತದೆ, ಮಾಲೀಕರಿಗೆ ತೊಂದರೆಯಿಲ್ಲ. ಪ್ಲಾಸ್ಟಿಕ್ ಹಾಳೆ ಹಾಕಬೇಡಿ. ಉಚ್ಚೆ ಕೆಳಗಿಳಿಯದೆ ನಾತ ಹೊಡೆಯುತ್ತದೆ. ಕಪ್ಪು ಬಟ್ಟೆಯಂಥ ಹಾಸನ್ನೂ ಒಂದು ಕಡೆ ಹಾಕಿ ನೋಡಿದ್ದೆ. ಗುಂಡ ಅಗೆದು ಎಳೆದು ದಾರ ಬಿಡಿಸಿದ. ದಾರ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ ಅಂತ ಹೆದರಿ ಅವತ್ತೇ ತೆಗೆದೆ. ಮನೆ ಗೋಡೆಯಿಂದ ಮಾತ್ರ ಅರ್ಧ ಅಡಿ ಜಾಗ ಬಿಡಿ, ಗೋಡೆಗೆ ತಾಗಿದರೆ ತೇವ ಮತ್ತು ಗೆದ್ದಲು ಹತ್ತುತ್ತವೆ. ಮಳೆಗಾಲದಲ್ಲಿ ಚಕ್ಕೆ ಮೇಲೆ ಅಣಬೆ ಏಳುತ್ತದೆ. ದಿನಾ ಬೆಳಿಗ್ಗೆ ನಾಯಿಯನ್ನು ಬಿಡುವ ಮೊದಲು ಕಿತ್ತು ಹಾಕುತ್ತೇನೆ, ಯಾವುದು ವಿಷದ್ದೋ ಅಂತ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ.

ಪೈಪಿನ ಕೆಳಗೆ ಒಂದಡಿ ಆಳ ತೋಡಿ ನುಣುಪಾದ ಗುಂಡುಕಲ್ಲು ತುಂಬಿದೆ. ಕಲ್ಲು ಅವನ ಬಾಯಿಗೆ ಹಿಡಿಯದಷ್ಟು ದೊಡ್ಡದಿರಬೇಕು. ಸಣ್ಣದನ್ನು ಆಡುತ್ತಾ ನುಂಗಿಬಿಡುತ್ತವೆ, ಅಲ್ವಾ?

ನಡುವಿನ ಬಿಸಿಲು ಬೀಳುವ ಜಾಗಕ್ಕೆ ಗರಿಕೆ. ಕೊಳ್ಳುವ ಅಗತ್ಯವೇ ಇಲ್ಲ. ಗಿಣ್ಣು ಇರುವ ತುಂಡುಗಳನ್ನು ಅರ್ಧ ಅಡಿಗೊಂದರಂತೆ ನೆಟ್ಟೆ. ಬೇರು ಹಿಡಿಯುವವರೆಗೆ ಎರಡು ತಿಂಗಳು ಬಲೆ ಕಟ್ಟಿ ಗುಂಡನನ್ನು ದೂರ ಇಟ್ಟೆ. ನಾಯಿ ತುಳಿದು ಹಾಳಾದ ಕಡೆ ಗರಿಕೆ ತಾನೇ ಹಬ್ಬಿ ಮುಚ್ಚಿಕೊಳ್ಳುತ್ತದೆ, ಅದೇ ಅದರ ದೊಡ್ಡ ಗುಣ. ನೆರಳಲ್ಲಿ ಮಾತ್ರ ಬರುವುದಿಲ್ಲ, ಅಲ್ಲಿಗೂ ಚಕ್ಕೆಯೇ ಸರಿ. ಉಚ್ಚೆಯಲ್ಲಿರುವ ಸಾರಜನಕ ಮತ್ತು ಉಪ್ಪು ಒಂದೇ ಕಡೆ ಬಿದ್ದರೆ ಹುಲ್ಲು ಹಳದಿಯಾಗಿ ಸುಡುತ್ತದೆ. ಅವನು ಹೊಯ್ದ ತಕ್ಷಣ ಒಂದು ಮಗ್ಗು ನೀರು ಸುರಿದರೆ ಸಾಕು.

ಒಂದು ವಿಷಯ ಎಲ್ಲಕ್ಕಿಂತ ಮುಖ್ಯ. ಹುಲ್ಲಿಗೆ ಗೊಬ್ಬರ ಅಂತ ಹರಳು ಹಿಂಡಿ (ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ) ಹಾಕಬೇಡಿ. ಅದರ ವಾಸನೆಗೆ ನಾಯಿ ತಿನ್ನಲು ಹೋಗುತ್ತದೆ, ತಿಂದರೆ ಪ್ರಾಣಕ್ಕೇ ಅಪಾಯ. ಹಾಸಲು ಮಾರುವ ಕೋಕೋ ಬೀಜದ ಸಿಪ್ಪೆಯೂ ಬೇಡ, ಚಾಕೊಲೇಟಿನಲ್ಲಿ ನಾಯಿಗೆ ಆಗದ ಅಂಶವೇ ಅದರಲ್ಲೂ ಇದೆ.

ಶುರು ಮಾಡುವ ಮೊದಲು ಹಿತ್ತಲಿನ ಫೋಟೋ ತೆಗೆದು, ಏನು ಹಾಕುತ್ತೇನೆ ಅಂತ ಮಾಲೀಕರಿಗೆ ಮೆಸೇಜ್ ಮಾಡಿ, ಒಪ್ಪಿಗೆ ಬರಹದಲ್ಲೇ ತಗೊಂಡಿದ್ದೆ.

ಈಗ ವರ್ಷಕ್ಕೊಮ್ಮೆ ಹೊಸ ಚಕ್ಕೆ ತರುತ್ತೇನೆ. ಹಳೆಯದನ್ನು ಸಲಿಕೆಯಿಂದ ಸರಿಸಿದರೆ ಕೆಳಗೆ ಕಪ್ಪಗೆ ಪುಡಿಪುಡಿ ಮಣ್ಣು, ತುಂಬ ಎರೆಹುಳ. ಅದನ್ನು ಗರಿಕೆಗೆ ಎರಚುತ್ತೇನೆ. ಹೊಸ ಚಕ್ಕೆ ಬಿದ್ದ ದಿನ ಗುಂಡ ಓಡುವುದಿಲ್ಲ. ಅರವತ್ತು ಅಡಿ ದಾರಿಯನ್ನೂ ನಿಧಾನವಾಗಿ ಮೂಸುತ್ತಾ ಹೋಗಿ, ತನ್ನ ಮೂಲೆಯಲ್ಲಿ ಎರಡು ಸುತ್ತು ತಿರುಗಿ ಮಲಗುತ್ತಾನೆ.