ಎಲ್2 ಪಪ್ಪಿಸ್: ಮಿಡಿಯುವ ಕೆಂಪು ನಕ್ಷತ್ರದ ಲೆಕ್ಕ ಇಡುವ ಬಗೆ

ಫೆಬ್ರವರಿ ಕೊನೆಯ ವಾರ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಕಣಕ್ಕೆ ಹೋಗಿ ನಿಂತರೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಥಳಥಳ ಹೊಳೆಯುತ್ತಿರುತ್ತದೆ. ಅದಕ್ಕಿಂತ ಎಡಕ್ಕೆ, ತುಸು ಮೇಲಕ್ಕೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ನನ್ನ ನಕ್ಷತ್ರವಿದೆ. ಬರಿಗಣ್ಣಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೆಸರು ಎಲ್2 ಪಪ್ಪಿಸ್. ಹತ್ತು ವರ್ಷದಿಂದ ಇದರ ಹೊಳಪಿನ ಲೆಕ್ಕ ಬರೆಯುತ್ತಿದ್ದೇನೆ. ನಮ್ಮದು ಚಳ್ಳಕೆರೆಯ ದಕ್ಷಿಣಕ್ಕಿರುವ ಹಳ್ಳಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

ಇದು ಕೆಂಪು ದೈತ್ಯ, ಅಂದರೆ ವಯಸ್ಸಾಗಿ ಹಿಗ್ಗಿದ ನಕ್ಷತ್ರ. ಸುಮಾರು 140 ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ, ಅದರ ಜೊತೆ ಬೆಳಕೂ ಏರಿಳಿಯುತ್ತದೆ. ಆದರೆ ಪ್ರತಿ ಸಲ ಒಂದೇ ಎತ್ತರಕ್ಕೆ ಏರುವುದಿಲ್ಲ, ಒಂದೇ ಆಳಕ್ಕೆ ಇಳಿಯುವುದೂ ಇಲ್ಲ. ಅರ್ಜೆಂಟೀನಾದ ಕಾರ್ಡೋಬಾದಲ್ಲಿದ್ದ ಖಗೋಳ ವಿಜ್ಞಾನಿ ಬೆಂಜಮಿನ್ ಗೌಲ್ಡ್ 1872ರಲ್ಲಿ ಇದರ ಚಂಚಲತೆಯನ್ನು, ಅಂದರೆ ಹೊಳಪು ಬದಲಾಗುವುದನ್ನು, ಗುರುತಿಸಿದರು. ಹಿಂದೆ ಚೆನ್ನಾಗಿ ಬೆಳಗಿದಾಗ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು) 2.6ರವರೆಗೂ ಬರುತ್ತಿತ್ತು, ಅಂದರೆ ಹಳ್ಳಿಯ ಯಾರಿಗೂ ಬರಿಗಣ್ಣಿಗೆ ಕಾಣುವಷ್ಟು. 1994ರ ಸುಮಾರಿಗೆ ನಕ್ಷತ್ರದ ಮುಂದೆ ದೂಳು ಕವಿಯಿತು, ಸುಮಾರು ಎರಡು ಕಾಂತಿಮಾನದಷ್ಟು ಬೆಳಕು ಇಳಿದುಹೋಯಿತು. ಆ ಇಳಿತ ಮೊದಲು ಕಂಡದ್ದು ವರ್ಷಗಟ್ಟಲೆ ಅಂದಾಜು ಬರೆದಿಟ್ಟ ಹವ್ಯಾಸಿಗಳ ಪಟ್ಟಿಯಲ್ಲಿ. ನಾನು ಈ ಕೆಲಸ ಬಿಡದೆ ಇರುವುದಕ್ಕೆ ಅದೇ ಕಾರಣ.

ಬೇಕಾದ ಸಾಮಾನು ಕಡಿಮೆ. 10x50 ಬೈನಾಕ್ಯುಲರ್, ಆನಿಕೊಳ್ಳಲು ಏನಾದರೂ (ನನಗೆ ಕಣದ ಕಲ್ಲುಗೋಡೆ), ಒಂದು ನೋಟ್‌ಬುಕ್, ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚ್. ದಕ್ಷಿಣ ದಿಕ್ಕು ಕತ್ತಲಿರಬೇಕು. ನಮ್ಮಲ್ಲಿ ಈ ನಕ್ಷತ್ರ ಎಷ್ಟೇ ಏರಿದರೂ ದಿಗಂತದಿಂದ 31 ಡಿಗ್ರಿ ಮಾತ್ರ. ಪೇಟೆಯ ದೀಪ ಆ ಕಡೆಗಿದ್ದರೆ ಬೇರೆ ಜಾಗ ಹುಡುಕಿ.

ಸುತ್ತಲಿನ ನಕ್ಷತ್ರಗಳ ಕಾಂತಿಮಾನ ಬರೆದಿರುವ ಚಾರ್ಟ್ ಬೇಕೇ ಬೇಕು. ಎಎವಿಎಸ್‌ಒ ಎಂಬ, 1911ರಲ್ಲಿ ಶುರುವಾದ ಚಂಚಲ ನಕ್ಷತ್ರ ವೀಕ್ಷಕರ ಸಂಘ ಅದನ್ನು ಪುಕ್ಕಟೆ ಕೊಡುತ್ತದೆ. ಚಾರ್ಟ್‌ನಲ್ಲಿ 56 ಎಂದಿದ್ದರೆ 5.6 ಎಂದು ಓದಿಕೊಳ್ಳಿ. ಚುಕ್ಕಿ ಹಾಕಿದರೆ ಅದನ್ನೂ ನಕ್ಷತ್ರ ಅಂದುಕೊಂಡಾರು ಎಂದು ಬಿಟ್ಟಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು.

ಹುಡುಕುವ ದಾರಿಯನ್ನು ನಾನು ಮಕ್ಕಳಿಗೆ ಹೇಳಿಕೊಡುವುದು ಹೀಗೆ. ಮೊದಲು ಲುಬ್ಧಕ, ಅಂದರೆ ಸಿರಿಯಸ್. ಅದರ ಕೆಳಗೆ ಮಹಾಶ್ವಾನ ನಕ್ಷತ್ರಪುಂಜದ ಹಿಂಭಾಗದಲ್ಲಿ ಮೂರು ನಕ್ಷತ್ರಗಳ ತ್ರಿಕೋನವಿದೆ. ಮೂರರಲ್ಲಿ ಎಡತುದಿಯದು ಅಲೂದ್ರಾ. ಅಲ್ಲಿಂದ ನೇರ ಕೆಳಗೆ, ಸುಮಾರು ಎಂಟು ಡಿಗ್ರಿಗೆ, ಕಿತ್ತಳೆ ಬಣ್ಣದ ಪೈ ಪಪ್ಪಿಸ್. ಅಷ್ಟೇ ದೂರ ಇನ್ನೊಂದು ಹೆಜ್ಜೆ ಇಳಿದರೆ ನಮ್ಮ ನಕ್ಷತ್ರ. ಬೈನಾಕ್ಯುಲರಿನ ಒಂದು ನೋಟಕ್ಕಿಂತ ಈ ಹೆಜ್ಜೆ ಸ್ವಲ್ಪ ಉದ್ದ, ನಿಧಾನವಾಗಿ ಇಳಿಸಿ. ಎಡಕ್ಕೆ ಮೂರು ಡಿಗ್ರಿ ದೂರದಲ್ಲಿ ಸಿಗ್ಮಾ ಪಪ್ಪಿಸ್ ಕಿತ್ತಳೆಯಾಗಿ ಹೊಳೆದರೆ ಜಾಗ ಸರಿ.

ಇಲ್ಲಿ ಎಚ್ಚರ. ಹುಣ್ಣಿಮೆ ಚಂದ್ರನ ಅಗಲದಷ್ಟೇ ಕೆಳಗೆ ಎಲ್1 ಪಪ್ಪಿಸ್ ಎಂಬ ಬಿಳಿ ನಕ್ಷತ್ರವಿದೆ, ಕಾಂತಿಮಾನ 4.9, ಕಣ್ಣಿಗೆ ಗೊತ್ತಾಗುವಷ್ಟು ಬದಲಾಗುವುದಿಲ್ಲ. ಎಲ್2 ಮಂಕಾಗಿದ್ದಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಶುರುವಿನಲ್ಲಿ ನಾನು ಎರಡು ತಿಂಗಳು 4.9, 4.9 ಎಂದೇ ಬರೆದೆ. ಒಂದು ರಾತ್ರಿ ಒಂಬತ್ತನೇ ಕ್ಲಾಸಿನ ಹುಡುಗಿ ನೋಡಿ, 'ಮಿಸ್, ಇದು ಬೆಳ್ಳಗಿದೆಯಲ್ಲ, ಕೆಂಪು ನಕ್ಷತ್ರ ಅಂದಿದ್ರಿ' ಎಂದಳು. ಆ ಎರಡು ತಿಂಗಳ ಸಾಲುಗಳನ್ನೆಲ್ಲ ಗೀಟು ಎಳೆದು ತೆಗೆದೆ. ಅಂದಿನಿಂದ ಮೊದಲು ಬಣ್ಣ ನೋಡುತ್ತೇನೆ, ಆಮೇಲೆ ಹೊಳಪು.

ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಎಲ್2ಗಿಂತ ತುಸು ಹೆಚ್ಚು ಹೊಳೆಯುವ ಒಂದು, ತುಸು ಕಡಿಮೆ ಹೊಳೆಯುವ ಒಂದು ನಕ್ಷತ್ರ ಆರಿಸಿ. ಇವು ಅದೇ ಎತ್ತರದಲ್ಲಿರಲಿ, ಏಕೆಂದರೆ ದಿಗಂತದ ಹತ್ತಿರ ಗಾಳಿ ಹೆಚ್ಚು ಬೆಳಕು ನುಂಗುತ್ತದೆ. ಉದಾಹರಣೆಗೆ ಆ ಎರಡು 5.6 ಮತ್ತು 6.1 ಎಂದುಕೊಳ್ಳಿ. ನಡುವಿನ ಅಂತರವನ್ನು ಐದು ಪಾಲು ಮಾಡಿದರೆ ಎಲ್2 ಎರಡನೇ ಪಾಲಿಗೆ ಬರುತ್ತದೆ ಅನಿಸಿದರೆ 5.8.

ಕೆಂಪು ನಕ್ಷತ್ರವನ್ನು ದಿಟ್ಟಿಸಬಾರದು. ನೋಡುತ್ತಾ ನೋಡುತ್ತಾ ಅದು ಕಣ್ಣಿನಲ್ಲಿ ಹೊಳಪೇರುತ್ತದೆ, ಪಕ್ಕದ ಬಿಳಿ ನಕ್ಷತ್ರಕ್ಕೆ ಹಾಗಾಗುವುದಿಲ್ಲ. ಚಕಚಕನೆ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿ. ಬೈನಾಕ್ಯುಲರಿನ ಫೋಕಸ್ ಸ್ವಲ್ಪ ಕೆಡಿಸಿದರೆ ಚುಕ್ಕಿಗಳು ಪುಟ್ಟ ಬಿಲ್ಲೆಗಳಾಗುತ್ತವೆ, ಹೋಲಿಸುವುದು ಸುಲಭ. ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕೆಲಸ ಬೇಡ.

ದಿನವೂ ನೋಡುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಸಾಕು. ದಿನವೂ ನೋಡಿದರೆ ನಿನ್ನೆಯ ಅಂಕಿ ಇವತ್ತಿನ ಕಣ್ಣನ್ನು ಎಳೆಯುತ್ತದೆ. ನಾನು ಹಿಂದಿನ ಪುಟಕ್ಕೆ ಕ್ಲಿಪ್ ಹಾಕಿಬಿಡುತ್ತೇನೆ. ಬರೆಯಬೇಕಾದದ್ದು ತಾರೀಕು, ಸಮಯ, ಅಂದಾಜು, ಹೋಲಿಸಿದ ಎರಡು ನಕ್ಷತ್ರ, ಆಕಾಶ ಹೇಗಿತ್ತು ಎಂಬುದು. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದು ವಿಶ್ವ ಸಮಯಕ್ಕೆ (ಎಲ್ಲ ದೇಶದ ವೀಕ್ಷಕರೂ ಬಳಸುವ ಒಂದೇ ಸಮಯ) ತನ್ನಿ: ರಾತ್ರಿ 9.30 ಅಂದರೆ 16.00. ನಕ್ಷತ್ರ ಕಾಣಲಿಲ್ಲವೇ? ಅದೂ ಲೆಕ್ಕವೇ. ಆ ರಾತ್ರಿ ಕಂಡ ಅತಿ ಮಂಕು ಹೋಲಿಕೆ ನಕ್ಷತ್ರ 6.7 ಆಗಿದ್ದರೆ, '6.7ಕ್ಕಿಂತ ಮಂಕು' ಎಂದು ಬರೆಯಿರಿ.

ಈ ನಕ್ಷತ್ರ ಸುಮಾರು 200 ಬೆಳಕಿನ ವರ್ಷ ದೂರದಲ್ಲಿದೆ, ಕೆಂಪು ದೈತ್ಯಗಳ ಮಟ್ಟಿಗೆ ಇದು ಪಕ್ಕದ ಮನೆ. ಚಿಲಿಯ ದೊಡ್ಡ ದೂರದರ್ಶಕದಿಂದ 2015ರಲ್ಲಿ ತೆಗೆದ ಚಿತ್ರದಲ್ಲಿ ಅದರ ಸುತ್ತ ದೂಳಿನ ತಟ್ಟೆ ಅಡ್ಡಲಾಗಿ ಕಾಣುತ್ತದೆ, ಅದರ ಮೇಲೂ ಕೆಳಗೂ ಚಿಟ್ಟೆಯ ರೆಕ್ಕೆಯಂತೆ ಬೆಳಕು. 2016ರಲ್ಲಿ ಆಲ್ಮಾ ರೇಡಿಯೋ ದೂರದರ್ಶಕಗಳಿಂದ ಅಳೆದಾಗ ಉಳಿದಿರುವ ದ್ರವ್ಯರಾಶಿ ಸೂರ್ಯನ ಮೂರನೇ ಎರಡು ಪಾಲು ಎಂದು ಗೊತ್ತಾಯಿತು. ಐದು ಶತಕೋಟಿ ವರ್ಷದ ಹಿಂದೆ ಇದು ಹೆಚ್ಚುಕಡಿಮೆ ನಮ್ಮ ಸೂರ್ಯನ ಹಾಗೇ ಇತ್ತು. ಇದನ್ನು ಹೇಳಿದ ರಾತ್ರಿ ಮಕ್ಕಳು ಬೈನಾಕ್ಯುಲರನ್ನು ಒಬ್ಬರಿಂದೊಬ್ಬರು ಕಿತ್ತುಕೊಂಡು ನೋಡಿದರು.

ಮೇ ಕೊನೆಯ ಹೊತ್ತಿಗೆ ನಕ್ಷತ್ರ ಸಂಜೆಯ ಬೆಳಕಿನಲ್ಲಿ ಮುಳುಗುತ್ತದೆ, ಹಿಂದೆಯೇ ಮಳೆಗಾಲ. ನೋಟ್‌ಬುಕ್ಕಿನ ಆ ಪುಟಗಳನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಅಕ್ಟೋಬರಿನಲ್ಲಿ ಬೆಳಗಿನ ಐದಕ್ಕೆ ಎದ್ದು ದಕ್ಷಿಣಕ್ಕೆ ನೋಡಿದರೆ ಮತ್ತೆ ಅಲ್ಲೇ ಇರುತ್ತದೆ.