ಹೈಕೋರ್ಟಿಗೆ ಹೋಗುವ ಮುಂಚೆ ಹಿಂಬರಹ ಪಡೆಯಿರಿ

ನಾನು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆ. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಕೇಸುಗಳೂ ಇಲ್ಲಿಗೇ ಬರುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದದ್ದು 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಔರಾದಿನ ರೈತ ಒಂದು ರಿಟ್, ಅಂದರೆ ಸರ್ಕಾರಿ ಅಧಿಕಾರಿಯ ತೀರ್ಮಾನ ಪ್ರಶ್ನಿಸುವ ಅರ್ಜಿ, ಹಾಕಬೇಕೆಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಕೋರ್ಟು ಹತ್ತಿರ ಬಂದಿದೆ, ಆದರೆ ಜನ ಬರಿಗೈಯಲ್ಲಿ ಬರುತ್ತಾರೆ. "ಸಾಹೇಬ್ರು ಆಗಲ್ಲ ಅಂದ್ರು ಮೇಡಂ" ಅನ್ನುತ್ತಾರೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಕೋರ್ಟು ಹೇಗೆ ರದ್ದು ಮಾಡಬೇಕು?

ಅದಕ್ಕೇ ಮೊದಲು ಬರವಣಿಗೆಯಲ್ಲಿ ಅರ್ಜಿ ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳಲಿಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಅರ್ಜಿ ತಿರಸ್ಕರಿಸಿದರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಸುಮ್ನೆ ಕೂತರೆ ಒಂದು ನೆನಪೋಲೆ ಬರೆಯಿರಿ. ಕೇಳಿದರೂ ಕೆಲಸ ಮಾಡಲಿಲ್ಲ ಎಂಬುದಕ್ಕೆ ಕಾಗದ ಇದ್ದರೆ, ಸಂವಿಧಾನದ 226ನೇ ವಿಧಿಯಡಿ "ಇವರು ತಮ್ಮ ಕರ್ತವ್ಯ ಮಾಡಲಿ" ಎಂಬ ಆದೇಶ ಕೇಳಬಹುದು. ಇದಕ್ಕೇ ಮ್ಯಾಂಡಮಸ್ ಎನ್ನುತ್ತಾರೆ.

ಹಿಂಬರಹ ಬಂತು ಅಂದುಕೊಳ್ಳಿ. ಸಾಮಾನ್ಯವಾಗಿ ಹೀಗಿರುತ್ತದೆ: "ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವಾದ್ದರಿಂದ ವಿಲೇ ಮಾಡಲಾಗಿದೆ." ಯಾವ ನಿಯಮ? ಏನು ಪರಿಶೀಲಿಸಿದರು? ಒಂದಕ್ಕೂ ಉತ್ತರ ಇಲ್ಲ, ಅಲ್ವಾ? ನಿಮ್ಮ ಕೇಸಿನ ಜೀವ ಇರುವುದೇ ಅಲ್ಲಿ. ಆದೇಶದಲ್ಲಿ ಬರೆದ ಕಾರಣ ನೋಡಿಯೇ ಅದರ ಸರಿತಪ್ಪು ತೀರ್ಮಾನಿಸಬೇಕು, ಆಮೇಲೆ ಅಫಿಡವಿಟ್‌ನಲ್ಲಿ ಹೊಸ ಕಾರಣ ತುರುಕುವಂತಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಿಂಬರಹವನ್ನು ಯಾವತ್ತೂ ಕಳೆದುಕೊಳ್ಳಬೇಡಿ.

ಕೋರ್ಟು ಮುಖ್ಯವಾಗಿ ನೋಡುವುದು ಅಧಿಕಾರಿ ಹೇಗೆ ತೀರ್ಮಾನ ಮಾಡಿದರು ಎಂಬುದನ್ನು. ಅಧಿಕಾರ ಇತ್ತೇ, ನಿಮ್ಮ ಮಾತು ಕೇಳಿದರೇ, ಕಾರಣ ಕೊಟ್ಟರೇ, ಸಂಬಂಧ ಇಲ್ಲದ್ದನ್ನು ತಲೆಗೆ ಹಾಕಿಕೊಂಡರೇ. ನಮ್ಮ ಕಕ್ಷಿದಾರರೊಬ್ಬರ ವಿಧವಾ ವೇತನ ಒಂದು ದಿನ ನಿಂತುಹೋಯಿತು. ನೋಟಿಸ್ ಇಲ್ಲ, ಏನಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕಡತದ ಟಿಪ್ಪಣಿ ಹಾಳೆ ತರಿಸಿದೆವು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಆ ಹಾಳೆಯಲ್ಲಿ "ಸ್ಥಳದಲ್ಲಿ ವಾಸವಿಲ್ಲ" ಎಂದು ಒಂದೇ ಸಾಲು ಬರೆದಿದ್ದರು. ಆಕೆ ಹೆರಿಗೆಯಾದ ಮಗಳ ಮನೆಯಲ್ಲಿದ್ದರು, ಅಷ್ಟೇ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ರಿಟ್ ಗೆದ್ದದ್ದು ಆ ಒಂದು ಸಾಲಿನಿಂದ.

ಆದರೆ ಎಲ್ಲದಕ್ಕೂ ನೇರ ಹೈಕೋರ್ಟಿಗೆ ಓಡಬೇಡಿ. ಪಹಣಿಯ ಮ್ಯುಟೇಶನ್ (ಹಕ್ಕು ಬದಲಾವಣೆ) ತಕರಾರಾದರೆ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ 60 ದಿನದೊಳಗೆ ಎಸಿ (ಉಪವಿಭಾಗಾಧಿಕಾರಿ) ಸಾಹೇಬರಲ್ಲಿ ಅಪೀಲು, ಅಲ್ಲೂ ಆಗದಿದ್ದರೆ ಡಿಸಿ ಮುಂದೆ. ಸರ್ಕಾರಿ ನೌಕರರ ಬಡ್ತಿ, ವರ್ಗಾವಣೆ ಕೇಸು ಮೊದಲು ಕೆಎಸ್‌ಎಟಿಗೆ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಆ ದಾರಿ ಬಿಟ್ಟು ಬಂದರೆ "ಮೊದಲು ಅಲ್ಲಿಗೆ ಹೋಗಿ" ಎಂದು ಕೋರ್ಟು ವಾಪಸ್ ಕಳಿಸುತ್ತದೆ. ನಿಮ್ಮನ್ನು ಕೇಳದೆಯೇ ಆದೇಶ ಮಾಡಿದ್ದರೆ, ಅಥವಾ ಅಧಿಕಾರವೇ ಇಲ್ಲದವರು ಮಾಡಿದ್ದರೆ ಮಾತ್ರ ನೇರವಾಗಿ ಬರಲು ಅವಕಾಶ ಜಾಸ್ತಿ. ರಿಟ್‌ಗೆ ಇಷ್ಟೇ ದಿನ ಅಂತ ಕಾಯ್ದೆಯಲ್ಲಿ ಇಲ್ಲ. ಹಾಗಂತ ವರ್ಷಗಟ್ಟಲೆ ಕೂರಬೇಡಿ, ತಡವಾಯಿತು ಎಂಬ ಒಂದೇ ಕಾರಣಕ್ಕೆ ವಜಾ ಆಗಬಹುದು.

ಗೆದ್ದರೂ ಪಿಂಚಣಿ ಮರುದಿನವೇ ಖಾತೆಗೆ ಬೀಳುವುದಿಲ್ಲ. ಹೆಚ್ಚಾಗಿ ಕೋರ್ಟು ಹಳೆಯ ಆದೇಶ ರದ್ದು ಮಾಡಿ, ಇಷ್ಟು ವಾರದಲ್ಲಿ ಕೇಳಿ ತೀರ್ಮಾನಿಸಿ ಎಂದು ಅದೇ ಅಧಿಕಾರಿಗೆ ಕಳಿಸುತ್ತದೆ. ಕೋರ್ಟಿನ ಆದೇಶದ ದೃಢೀಕೃತ ನಕಲು ಪಡೆದು, ಜೊತೆಗೆ ಒಂದು ಪತ್ರ ಬರೆದು, ಮತ್ತೆ ಟಪಾಲಿಗೆ ಕೊಟ್ಟು ಮುದ್ರೆ ಹಾಕಿಸಿ. ಹೇಳಿದ ಗಡುವಿನಲ್ಲಿ ಮಾಡದಿದ್ದರೆ ಒಂದು ವರ್ಷದೊಳಗೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು.

ಫೀಸಿಗೆ ಹೆದರಿ ಮನೆಯಲ್ಲಿ ಕೂರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ.