ಮೀಟಿಯರ್‌ಗೆ ಸ್ಯಾಡಲ್ ಬ್ಯಾಗ್: ಮೊದಲು ಸ್ಟೇ, ಆಮೇಲೆ ಬ್ಯಾಗ್

ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಕ್ರೂಸರ್ ಬೈಕ್. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೋಗುವುದು ನನಗೂ ಹೆಂಡತಿಗೂ ಇಷ್ಟ. ಇಬ್ಬರು ಕೂತ ಮೇಲೆ ಸೀಟಿನ ಮೇಲೆ ಲಗೇಜ್ ಕಟ್ಟಲು ಜಾಗ ಇರುವುದಿಲ್ಲ. ಬೆನ್ನಿಗೆ ಹಾಕಿಕೊಂಡರೆ ಸಕಲೇಶಪುರದ ಹೊತ್ತಿಗೆ ಹೆಗಲು ನೋವು ಶುರು. ಹಾಗಾಗಿ ಹಿಂದಿನ ಚಕ್ರದ ಎರಡೂ ಬದಿಗೆ ನೇತುಹಾಕುವ ಸ್ಯಾಡಲ್ ಬ್ಯಾಗೇ ಬೇಕಾಯಿತು.

ಕ್ರೂಸರ್‌ಗೆ ಚರ್ಮದ ಬ್ಯಾಗ್ ಚೆಂದ, ಒಪ್ಪುತ್ತೇನೆ. ಆದರೆ ಮಲೆನಾಡಿನ ಮಳೆಯಲ್ಲಿ ನೆನೆದರೆ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಬಹುದು, ಆದರೆ ತೂಕ ಜಾಸ್ತಿ, ಟ್ರಾಫಿಕ್‌ನಲ್ಲಿ ಅಗಲವೂ ಕಾಟ. ನಾನು ತೆಗೆದುಕೊಂಡದ್ದು ದಪ್ಪ ನೈಲಾನ್ ಬ್ಯಾಗ್. ಅದರೊಳಗೆ ಬೇರೆಯಾಗಿ ಎತ್ತಿಕೊಳ್ಳುವ ವಾಟರ್‌ಪ್ರೂಫ್ ಚೀಲ ಇದೆ. ಹೊರಗೆ ಹಾಕುವ ರೈನ್ ಕವರ್ ನನಗೆ ಹಿಡಿಸುವುದಿಲ್ಲ. ಗಾಳಿಗೆ ಉಬ್ಬಿ ಪಟಪಟ ಹೊಡೆದುಕೊಳ್ಳುತ್ತದೆ. ಒಳಚೀಲವಾದರೆ ಲಾಡ್ಜ್‌ಗೆ ಅದನ್ನಷ್ಟೇ ಒಯ್ದರೆ ಸಾಕು, ಕೆಸರಾದ ಬ್ಯಾಗ್ ಗಾಡಿಯಲ್ಲೇ ಇರುತ್ತದೆ.

ಬ್ಯಾಗ್ ಕೊಳ್ಳುವ ಮೊದಲೇ ಎರಡೂ ಬದಿಗೆ ಕಬ್ಬಿಣದ ಸ್ಟೇ, ಅಂದರೆ ಬ್ಯಾಗನ್ನು ಚಕ್ರದಿಂದ ದೂರ ಹಿಡಿಯುವ ಚೌಕಟ್ಟು, ಹಾಕಿಸಿದೆ. ಸ್ಟೇ ಇಲ್ಲದೆ ಸುಮ್ನೆ ಸೀಟಿನ ಮೇಲೆ ಪಟ್ಟಿ ಹಾಕಿ ನೇತುಹಾಕಿದರೆ ಗುಂಡಿ ಸಿಕ್ಕಾಗ ಬ್ಯಾಗ್ ಒಳಮುಖವಾಗಿ ತೂಗಿ ಚಕ್ರಕ್ಕೆ ತಾಗಬಹುದು. ಎಡಗಡೆ ಸೀರೆ ಗಾರ್ಡ್ ಇದೆ. ಸ್ಟೇ ಹಾಕಲು ಅದನ್ನು ಬಿಚ್ಚೋಣ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ನಾನು ಬಿಡಲಿಲ್ಲ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಹೆಂಡತಿಯ ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಾಯುವುದೂ ಅದೇ.

ಬಲಗಡೆ ಸೈಲೆನ್ಸರ್. ಅಲ್ಲಿ ನಿಜವಾದ ಪರೀಕ್ಷೆ. ಗಾಡಿ ಖಾಲಿ ನಿಂತಾಗ ಕಾಣುವ ಅಂತರವನ್ನು ನಂಬಬೇಡಿ. ಬಟ್ಟೆ ತುಂಬಿದರೆ ಬ್ಯಾಗಿನ ತಳ ಜೋಲುತ್ತದೆ, ನೈಲಾನ್ ಬಿಸಿಗೆ ಕರಗುತ್ತದೆ. ಪೂರ್ತಿ ಲೋಡ್ ಹಾಕಿ, ಇಬ್ಬರೂ ಕೂತು, ಗೆಳೆಯನಿಗೆ ಕೆಳಗೆ ಬಗ್ಗಿ ನೋಡಲು ಹೇಳಿದೆ. ನಾವು ಕುಲುಕಿದಾಗಲೂ ಬ್ಯಾಗಿಗೂ ಸೈಲೆನ್ಸರ್‌ಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯುವವರೆಗೆ ಪಟ್ಟಿ ಎಳೆದು ಮೇಲಕ್ಕೆ ಕಟ್ಟಿದೆವು. ಹೆಂಡತಿಯ ಹಿಮ್ಮಡಿ ಬ್ಯಾಗಿಗೆ ತಾಗುತ್ತದಾ, ಹಿಂದಿನಿಂದ ಇಂಡಿಕೇಟರ್ ಕಾಣುತ್ತದಾ ಅಂತಲೂ ಆಗಲೇ ನೋಡಿಕೊಂಡೆವು. ಸ್ಟೇ ಗಾಡಿಯ ಪೇಂಟ್‌ಗೆ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ.

ಟೂಲ್ಸ್, ಚಾರ್ಜರ್‌ನಂಥ ಭಾರದ ಸಾಮಾನು ತಳದಲ್ಲಿ, ಆದಷ್ಟು ಮುಂದಕ್ಕೆ. ಎರಡೂ ಬ್ಯಾಗನ್ನು ಕೈಯಲ್ಲಿ ಎತ್ತಿ ತೂಕ ಸರಿಸಮ ಮಾಡುತ್ತೇನೆ. ಭಾರ ಹಿಂದೆ ಮತ್ತು ಮೇಲೆ ಇದ್ದರೆ ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಹಗುರವಾದಂತೆ ಅನಿಸುತ್ತದೆ, ನನಗದು ಹೆದರಿಕೆ. ಹೊರಡುವ ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಏರಿಸುತ್ತೇನೆ, ಇಬ್ಬರಿಗೆ ಎಂದು ಮ್ಯಾನ್ಯುಯಲ್ ಹೇಳಿದಷ್ಟು ಗಾಳಿ ಟಯರ್‌ಗೆ ತುಂಬಿಸುತ್ತೇನೆ.

ಹೊಸ ಸ್ಟೇಯ ಬೋಲ್ಟ್‌ಗಳು ಮೊದಲ ಪ್ರಯಾಣದಲ್ಲಿ ಸಡಿಲವಾಗಬಹುದು. ಹಾಸನದಲ್ಲಿ ತಿಂಡಿಗೆ ನಿಂತಾಗ ಅಲೆನ್ ಕೀ ತೆಗೆದು ಎಲ್ಲವನ್ನೂ ಒಮ್ಮೆ ಬಿಗಿ ಮಾಡಿಯೇ ಘಾಟಿಗೆ ಇಳಿಯುವುದು.